ಪಾಲಾಗದೆ ಉಳಿದ ಪೆಟ್ಟಿಗೆ

ನಮ್ಮ ಹಿರಿಯರ ಮನೆ ಪಾಲಾದುದು 2011ರ ವೈಶಾಖದಲ್ಲಿ. ನಾಲ್ವರು ಅಣ್ಣತಮ್ಮಂದಿರು ಒಬ್ಬೊಬ್ಬರು ಒಂದೊಂದು ಊರಿನಲ್ಲಿ ನೆಲೆನಿಂತು ವರ್ಷಗಳೇ ಸಂದಿದ್ದವು. ಕೊಪ್ಪಳ ಸೀಮೆಯ ಹಳ್ಳಿಯ ಆ ದೊಡ್ಡ ಮನೆಯಲ್ಲಿ ಅವ್ವ ಒಬ್ಬಳೇ ಉಳಿದಿದ್ದಳು. ಊರಿನ ಹಿರಿಯರನ್ನು ಪಡಸಾಲೆಯಲ್ಲಿ ಕೂರಿಸಿಕೊಂಡು ಹೊಲ, ಬಾವಿ, ಹಿತ್ತಲು, ತಾಮ್ರದ ಹಂಡೆ, ಹಿತ್ತಾಳೆಯ ಕೊಪ್ಪರಿಗೆ ಇವೆಲ್ಲವನ್ನೂ ಒಂದೇ ದಿನದಲ್ಲಿ ಹಂಚಿ ಮುಗಿಸಿದೆವು. ಮನಸ್ತಾಪವೇ ಆಗಲಿಲ್ಲವೆಂದರೆ ಸುಳ್ಳಾದೀತು. ಆದರೆ ಮಾತು ಮೀರಲಿಲ್ಲ. ಮಾತು ಮೀರಿದ್ದು ಮರುದಿನ, ಅಟ್ಟದ ಮೇಲಿನಿಂದ ಒಂದು ಸಾಗವಾನಿ ಪೆಟ್ಟಿಗೆಯನ್ನು ಕೆಳಗಿಳಿಸಿದಾಗ.

ಅದರಲ್ಲಿದ್ದುದು ಚಿನ್ನವೂ ಅಲ್ಲ, ಬೆಳ್ಳಿಯೂ ಅಲ್ಲ, ಮರದ ಆಟಿಕೆಗಳು. ಮೂರು ತಲೆಮಾರಿನ ಮಕ್ಕಳು ಆಡಿ ಬಿಟ್ಟ ಮೂವತ್ತೇಳು ಗೊಂಬೆಗಳು. ಎರಡೆತ್ತಿನ ಬಂಡಿ, ಬಾರುಕೋಲು ಹಿಡಿದ ಒಕ್ಕಲಿಗ, ಅಂಬಾರಿ ಹೊತ್ತ ಆನೆ, ಮೂಗಿನ ತುದಿ ಸವೆದ ಗೌರಿ, ತೊಟ್ಟಿಲಿಗೆ ಕಟ್ಟುತ್ತಿದ್ದ ನಾಲ್ಕು ಗಿಳಿಗಳು, ಬುಗುರಿಗಳು, ಗಿಲಕಿಗಳು, ಮಗು ನಡೆ ಕಲಿಯುವಾಗ ಹಿಡಿದು ತಳ್ಳುವ ಮೂರು ಗಾಲಿಯ ಬಂಡಿ. ಅಜ್ಜನ ಕಾಲದಲ್ಲಿ ಕೊಪ್ಪಳವು ನಿಜಾಮರ ಸೀಮೆಗೆ ಸೇರಿದ್ದಿತು. ಬಂಡಿಯನ್ನೂ ಆನೆಯನ್ನೂ ಅಜ್ಜ ಹಾಲಿ ಸಿಕ್ಕದ ರೂಪಾಯಿ ಕೊಟ್ಟು ಗವಿಮಠದ ಜಾತ್ರೆಯಲ್ಲಿ ತಂದುದಾಗಿ ಅವ್ವ ಹೇಳುತ್ತಿದ್ದಳು. ಎಷ್ಟು ರೂಪಾಯಿ ಎಂಬುದು ಮಾತ್ರ ಅವಳು ಹೇಳಿದಾಗಲೆಲ್ಲ ಬದಲಾಗುತ್ತಿತ್ತು.

ನಗರದ ಹಳೆಯ ವಸ್ತುಗಳ ವ್ಯಾಪಾರಿಯೊಬ್ಬರು ಈ ಪೆಟ್ಟಿಗೆಗೆ ಒಳ್ಳೆಯ ಬೆಲೆ ಹೇಳಿದ್ದರು. ಮಾರಿ ಹಣವನ್ನು ಹಂಚಿಕೊಳ್ಳುವುದೇ ನ್ಯಾಯವೆಂದು ಹಿರಿಯಣ್ಣನ ವಾದ. ಎಣಿಸಿ ಹಂಚೋಣವೆಂದು ನಮ್ಮ ವಾದ. ಮೂವತ್ತೇಳನ್ನು ನಾಲ್ಕರಿಂದ ಭಾಗಿಸಿದರೆ ಒಂಬತ್ತೊಂಬತ್ತು ಬಂದು ಒಂದು ಉಳಿಯುತ್ತದೆ. ಆ ಒಂದಕ್ಕಾಗಿ ಮಧ್ಯಾಹ್ನವಿಡೀ ಜಗಳ ನಡೆಯಿತು. ಅಷ್ಟು ಹೊತ್ತು ಕಂಬಕ್ಕೆ ಒರಗಿ ಸುಮ್ಮನೆ ಕುಳಿತಿದ್ದ ಅವ್ವ ಕಡೆಗೆ ಕೇಳಿದಳು: “ಎತ್ತು ಒಬ್ಬಗ, ಬಂಡಿ ಒಬ್ಬಗ ಕೊಟ್ರ ನೊಗಾ ಯಾರ ಹೆಗಲಿಗಿಡ್ತೀರೆಪಾ?”

ಯಾರಿಗೂ ಉತ್ತರ ತೋಚಲಿಲ್ಲ. ಆಗ ಬಾಯಿ ತೆರೆದವಳು ಕಿರಿಯ ತಮ್ಮನ ಮಗಳು. ಅವಳು ಧಾರವಾಡದಲ್ಲಿ ಚಿತ್ರಕಲೆಯ ಅಭ್ಯಾಸದಲ್ಲಿದ್ದಳು. “ದೊಡ್ಡಪ್ಪಾ, ಪಾಲು ಆಮ್ಯಾಲ ಮಾಡ್ರಿ. ಪೆಟಗಿ ಒಂದು ವರ್ಷ ನನ್ನ ಕಡೆ ಇರ್ಲಿ. ನಾಲ್ಕೂ ಮನಿಗೆ ಎಲ್ಲಾ ಗೊಂಬಿ ಕೊಡ್ತೀನಿ” ಎಂದಳು. ಮಕ್ಕಳಾಟದ ಮಾತೆಂದುಕೊಂಡೆವು. ಜಗಳದಿಂದ ಬೇಸತ್ತು ಒಪ್ಪಿದೆವೇ ಹೊರತು ತಿಳಿದು ಒಪ್ಪಲಿಲ್ಲ.

ಅವಳ ಮನಸ್ಸಿನಲ್ಲಿದ್ದುದು ಮರದಚ್ಚಿನ ಚಿತ್ರ. ಹಲಗೆಯ ಮೇಲೆ ಚಿತ್ರ ಬರೆದು, ಮಸಿ ಹತ್ತಬೇಕಾದ ಭಾಗವನ್ನು ಉಳಿಸಿ ಮಿಕ್ಕುದನ್ನು ಉಳಿಯಿಂದ ಕೆತ್ತಿ ತೆಗೆಯುವುದು. ಉಬ್ಬಿ ನಿಂತ ಭಾಗಕ್ಕೆ ರೋಲರಿನಿಂದ ಮಸಿ ಸವರಿ, ಕಾಗದ ಹಾಸಿ, ಬೆನ್ನಿನಿಂದ ಒತ್ತಿ ಉಜ್ಜಿ ಎತ್ತುವುದು. ಯಂತ್ರವೇ ಬೇಕೆಂದಿಲ್ಲ, ಮರದ ಸೌಟಿನ ಬೆನ್ನು ಸಾಕು. ಒಂದು ಹಲಗೆ ಕೆತ್ತಿದರೆ ನಾಲ್ಕಲ್ಲ, ನಲವತ್ತು ಪ್ರತಿ ತೆಗೆಯಬಹುದು. ನಾಲ್ಕನೆಯ ಪ್ರತಿಯು ಮೊದಲನೆಯದಕ್ಕಿಂತ ಕೀಳಲ್ಲ. ಅಣ್ಣತಮ್ಮಂದಿರ ಪಾಲಿಗೆ ಇದಕ್ಕಿಂತ ತಕ್ಕ ಕಲೆ ಇನ್ನೊಂದಿಲ್ಲವೆಂದು ಈಗ ಅನ್ನಿಸುತ್ತದೆ.

ಅವಳು ಮೊದಲು ಕೈಯಿಟ್ಟದ್ದು ಮನೆಯ ಮುರಿದ ಬಾಗಿಲಿನ ಸಾಗವಾನಿ ಹಲಗೆಗೆ. ಹಿರಿಯರ ಮನೆಯ ಮರದಲ್ಲಿಯೇ ಹಿರಿಯರ ಗೊಂಬೆಗಳು ಮೂಡಲೆಂಬ ಆಸೆ. ಆದರೆ ದಶಕಗಳ ಬಿಸಿಲು ಕುಡಿದ ಆ ಮರವು ಉಳಿಯ ಮಾತನ್ನು ಕೇಳಲಿಲ್ಲ. ಆನೆಯ ಸೊಂಡಿಲಿನ ತಿರುವಿನಲ್ಲಿ ಎಳೆ ಸಿಡಿದು ಸೊಂಡಿಲೇ ಹಾರಿಹೋಯಿತು, ಅವಳ ಎಡಗೈಯ ಹೆಬ್ಬೆರಳಿಗೂ ಗಾಯವಾಯಿತು. ಬಳಿಕ ಅಂಗಡಿಯ ಪ್ಲೈವುಡ್ ತಂದು ಕೆಲಸ ಮುಂದುವರಿಸಿದಳು. ಆಸೆಯೇ ಬೇರೆ, ಮರದ ಸ್ವಭಾವವೇ ಬೇರೆ.

ಮೊದಲ ಅಚ್ಚು ಎರಡೆತ್ತಿನ ಬಂಡಿಯದು. ಕಾಗದ ಎತ್ತಿ ಅವ್ವನ ಮುಂದೆ ಹಿಡಿದಾಗ ಅವಳು ಕನ್ನಡಕ ಸರಿಪಡಿಸಿಕೊಂಡು ಬಹಳ ಹೊತ್ತು ನೋಡಿದಳು. “ಈ ಒಕ್ಕಲಿಗ ಎಡಚ ಯಾವಾಗ ಆದನವ್ವಾ?” ಎಂದಳು. ನಿಜ, ಪೆಟ್ಟಿಗೆಯಲ್ಲಿನ ಒಕ್ಕಲಿಗನ ಬಾರುಕೋಲು ಬಲಗೈಯಲ್ಲಿತ್ತು, ಕಾಗದದ ಮೇಲೆ ಎಡಗೈಗೆ ಬಂದಿತ್ತು. ಹಲಗೆಯ ಬಲವು ಕಾಗದದಲ್ಲಿ ಎಡವಾಗುತ್ತದೆ ಎಂಬುದನ್ನು ಪಾಠದಲ್ಲಿ ಓದಿದ್ದರೂ ಅವಸರದಲ್ಲಿ ಹುಡುಗಿ ಮರೆತಿದ್ದಳು. ಅವ್ವ ಎದ್ದು ಅಡುಗೆಮನೆಯಿಂದ ಗೌರಿ ಹುಣ್ಣಿಮೆಯ ಸಕ್ಕರೆ ಆರತಿಯ ಅಚ್ಚುಮಣೆಯನ್ನು ತಂದು ಅವಳ ಮಡಿಲಲ್ಲಿಟ್ಟಳು. ಮಣೆಯಲ್ಲಿ ಎಡಕ್ಕೆ ನೋಡುವ ನವಿಲು ಸಕ್ಕರೆಯಲ್ಲಿ ಬಲಕ್ಕೆ ನೋಡುತ್ತದೆ. ಈ ವಿದ್ಯೆ ನಮ್ಮ ಹೆಣ್ಣುಮಕ್ಕಳ ಕೈಯಲ್ಲಿ ಎಂದಿನಿಂದಲೋ ಇದೆ. ಅಚ್ಚುಮಣೆಯನ್ನು ಕೆತ್ತಿದ ಬಡಿಗನು ತಿರುವುಮುರುವಾಗಿ ಯೋಚಿಸಿಯೇ ಉಳಿ ಹಿಡಿದಿರಬೇಕು. ಆ ದಿನದಿಂದ ಹುಡುಗಿ ಚಿತ್ರವನ್ನು ತೆಳುಕಾಗದದಲ್ಲಿ ಬರೆದು, ಅದನ್ನು ಮಗುಚಿ ಹಲಗೆಗೆ ಅಂಟಿಸಿ ಕೆತ್ತತೊಡಗಿದಳು. ಎಡಚ ಒಕ್ಕಲಿಗನ ಆ ಒಂದು ಪ್ರತಿಯನ್ನು ಅವ್ವ ತನ್ನ ಹಾಸಿಗೆಯ ಕೆಳಗೆ ಇಟ್ಟುಕೊಂಡಳು.

ಕೆತ್ತುವುದಕ್ಕೆ ಮೊದಲು ಗೊಂಬೆಯನ್ನು ಅರಿಯಬೇಕಲ್ಲ. ಅದಕ್ಕಾಗಿ ಅವಳೊಡನೆ ನಾವೂ ಕಿನ್ನಾಳಕ್ಕೆ ಹೋದೆವು. ಕಿನ್ನಾಳವೆಂದರೆ ಕೊಪ್ಪಳ ತಾಲ್ಲೂಕಿನ ಗ್ರಾಮ. ಮರದ ಗೊಂಬೆಗಳಿಗೆ, ಬಣ್ಣದ ದೇವತಾಮೂರ್ತಿಗಳಿಗೆ, ತೊಟ್ಟಿಲುಗಳಿಗೆ ಹೆಸರಾದುದು. ಅಲ್ಲಿನ ಚಿತ್ರಗಾರ ಮನೆತನಗಳ ಪೂರ್ವಜರೇ ಹಂಪಿಯ ವಿರೂಪಾಕ್ಷ ದೇವಾಲಯದ ಮೇಲ್ಛಾವಣಿಯ ಚಿತ್ರಗಳನ್ನು ಬರೆದವರೆಂದು ಪ್ರತೀತಿಯುಂಟು. ಚಿಕ್ಕಂದಿನಿಂದ ಆಡಿದ ಗೊಂಬೆಗಳ ಊರು ಅಷ್ಟು ಸಮೀಪದಲ್ಲಿದ್ದರೂ ನಾವು ಅಲ್ಲಿಗೆ ಹೋದುದು ಅದೇ ಮೊದಲು. ಇದನ್ನು ಬರೆಯುವಾಗ ನಾಚಿಕೆಯಾಗುತ್ತದೆ.

ಕಿನ್ನಾಳದ ಗೊಂಬೆ ಒಂದೇ ಮರದ ತುಂಡಿನಿಂದ ಆದುದಲ್ಲವೆಂಬುದು ಅಲ್ಲಿ ತಿಳಿಯಿತು. ಹಗುರವಾದ ಮರದಲ್ಲಿ ಕೈ, ಕಾಲು, ರುಂಡ, ಮುಂಡಗಳನ್ನು ಬೇರೆ ಬೇರೆಯಾಗಿ ಕೆತ್ತಿ ಹುಣಸೆಬೀಜದ ಅಂಟಿನಿಂದ ಕೂಡಿಸುತ್ತಾರೆ. ಗರುಡನ ಒಂದು ಮೂರ್ತಿಗೆ ಹನ್ನೆರಡು ಭಾಗಗಳು; ಪೀಠದ ಮೇಲೆ ಕುಳಿತ ಗಣಪತಿಗೆ ಇಪ್ಪತ್ತೆರಡು. ಸೆಣಬಿನ ಚಿಂದಿಯನ್ನು ನೆನೆಸಿ, ಸಣ್ಣಗೆ ಕತ್ತರಿಸಿ ಒಣಗಿಸಿ, ಪುಡಿ ಮಾಡಿ, ಮರದ ಹೊಟ್ಟು ಮತ್ತು ಹುಣಸೆಬೀಜದ ಅಂಟಿನೊಡನೆ ಕಲಸಿದರೆ ‘ಕಿಟ್ಟ’ವಾಗುತ್ತದೆ. ಕೂಡಿಸಿದ ಗೊಂಬೆಯ ಮೈಗೆಲ್ಲ ಇದನ್ನು ಕೈಯಿಂದಲೇ ಮೆತ್ತಿ, ಮೇಲೆ ಹತ್ತಿಬಟ್ಟೆಯ ಚೂರುಗಳನ್ನು ಅಂಟಿಸುತ್ತಾರೆ. ಅದರ ಮೇಲೆ ಕಲ್ಲಿನ ಪುಡಿಯ ಲೇಪ. ಆ ಲೇಪವೇ ಬಣ್ಣಕ್ಕೆ ನೆಲಗಟ್ಟು. ಗೌರಿಯ ಕೊರಳ ಸರ, ಸೊಂಟದ ಡಾಬು ಮೊದಲಾದವು ಕೆತ್ತಿದವಲ್ಲ, ಕಲ್ಲಿನ ಪುಡಿಯನ್ನು ಅಂಟಿನಲ್ಲಿ ಕಲಸಿ ಉಬ್ಬಿಸಿದವು. ನಮ್ಮ ಗೌರಿಯ ಮೂಗು ಸವೆದುದು ಏಕೆ, ಒಳಗಿನ ಬಟ್ಟೆಯ ಎಳೆ ಕಾಣುತ್ತಿರುವುದು ಏಕೆ ಎಂಬುದು ಆಗ ಅರ್ಥವಾಯಿತು. ಮುಟ್ಟಿ ಮುಟ್ಟಿ ನಾಲ್ಕು ಪದರಗಳನ್ನು ನಮ್ಮ ಮನೆಯ ಮಕ್ಕಳು ದಾಟಿಬಿಟ್ಟಿದ್ದರು.

ಮೂಗನ್ನು ಸರಿಪಡಿಸಿ ಹೊಸ ಬಣ್ಣ ಹಾಕಿಕೊಡುವಿರಾ ಎಂದು ಅಲ್ಲಿನ ಹಿರಿಯ ಚಿತ್ರಗಾರರೊಬ್ಬರನ್ನು ಕೇಳಿದೆವು. ಗೊಂಬೆಯನ್ನು ಹೊರಳಿಸಿ ನೋಡಿ, ಹಾಕಬಹುದು, ಆದರೆ ಹಾಕಿದರೆ ಹಿಂದಿನವರ ಕೈ ಮುಚ್ಚಿಹೋಗುತ್ತದೆ ಎಂದರು. ಮೂಗಿಲ್ಲದೆಯೇ ಗೌರಿಯನ್ನು ಮರಳಿ ತಂದೆವು. ಒಂದಾನೊಂದು ಕಾಲದಲ್ಲಿ ಬಗೆಬಗೆಯ ಕಾಯಕದ ಜನರ ಗೊಂಬೆಗಳಿಗೆ ಅಲ್ಲಿ ಬೇಡಿಕೆ ಹೆಚ್ಚಾಗಿತ್ತು. ಕಾಲಕ್ರಮದಲ್ಲಿ ಕೊಳ್ಳುವವರ ಒಲವು ಪ್ರಾಣಿ ಪಕ್ಷಿಗಳ ಕಡೆಗೆ ಸರಿಯಿತು. ಆ ದೃಷ್ಟಿಯಿಂದ ನಮ್ಮ ಬಾರುಕೋಲಿನ ಒಕ್ಕಲಿಗನು ಹಳೆಯ ಕಾಲದವನು. ವ್ಯಾಪಾರಿ ಮೊದಲು ಕೈಗೆತ್ತಿಕೊಂಡದ್ದು ಅವನನ್ನೇ ಏಕೆ ಎಂಬುದೂ ತಿಳಿಯಿತೆನ್ನಿ.

ಪೆಟ್ಟಿಗೆಯಲ್ಲಿನ ಬುಗುರಿ, ಗಿಲಕಿಗಳ ಮಾತು ಬೇರೆ. ಅವು ಚನ್ನಪಟ್ಟಣದವು, ಬೆಂಗಳೂರಿನಲ್ಲಿ ನೌಕರಿಯಲ್ಲಿದ್ದ ನಮ್ಮ ಕಾಕಾ ಪ್ರತಿ ದೀಪಾವಳಿಗೂ ತರುತ್ತಿದ್ದುದು. ಬೆಂಗಳೂರಿನಿಂದ ಮೈಸೂರಿನ ಹಾದಿಯಲ್ಲಿ ಸುಮಾರು 60 ಕಿಲೋಮೀಟರ್ ದೂರದ ಈ ಊರಿಗೆ ಅರಗಿನ ಆಟಿಕೆಗಳ ವಿದ್ಯೆ ಬಂದುದು ಟಿಪ್ಪು ಸುಲ್ತಾನನ ಕಾಲದಲ್ಲಿ, ಪರ್ಷಿಯಾದ ಕುಶಲಕರ್ಮಿಗಳಿಂದ ಎಂಬ ಹೇಳಿಕೆಯಿದೆ. ಹಾಲೆ ಮರದ ಬಿಳಿಯ ನುಣುಪಾದ ತುಂಡನ್ನು ಚರಕಿಗೆ ಸಿಕ್ಕಿಸಿ ತಿರುಗಿಸುತ್ತ ಉಳಿಯಿಂದ ರೂಪ ಕೊಡುತ್ತಾರೆ. ತಿರುಗುತ್ತಿರುವಾಗಲೇ ಬಣ್ಣ ಬೆರೆಸಿದ ಅರಗಿನ ಕಡ್ಡಿಯನ್ನು ಒತ್ತಿ ಹಿಡಿದರೆ ಉಜ್ಜಿದ ಬಿಸಿಗೆ ಅರಗು ಕರಗಿ ಮರವನ್ನು ಹಿಡಿಯುತ್ತದೆ. ಕೇದಗೆಯ ಜಾತಿಯ ಒಣಗಿದ ಗರಿಯಿಂದ ಒತ್ತಿ ಉಜ್ಜಿದರೆ ಹೊಳಪು ಬರುತ್ತದೆ. ಕುಂಚದ ಕೆಲಸವೇ ಇಲ್ಲ. ಆದ್ದರಿಂದಲೇ ಚನ್ನಪಟ್ಟಣದ ಗೊಂಬೆ ದುಂಡಗೆ, ಪಟ್ಟೆಪಟ್ಟೆಯಾಗಿ ಇರುತ್ತದೆ. ಕಿನ್ನಾಳದ್ದು ಕಣ್ಣು ಮೂಗು ತಿದ್ದಿದ ಮೂರ್ತಿ. ಹುಡುಗಿ ಈ ಭೇದವನ್ನು ಉಳಿಯಲ್ಲಿಯೂ ಕಾಪಾಡಿದಳು. ಬುಗುರಿಗಳನ್ನು ಬರಿಯ ಅಡ್ಡಗೆರೆಗಳಲ್ಲಿ ತೋರಿಸಿದಳು, ಗೌರಿಗೆ ಮಾತ್ರ ಕೂದಲೆಳೆಯಂತಹ ಗೆರೆಗಳನ್ನು ಉಳಿಸಿಕೊಂಡಳು.

ಇಲ್ಲಿ ಮಕ್ಕಳಿರುವ ಮನೆಗಳಿಗೆ ಒಂದು ಮಾತು. ನೈಸರ್ಗಿಕ ಬಣ್ಣದ ಅರಗಿನ ಗಿಲಕಿಯನ್ನು ಕೂಸು ಬಾಯಿಗಿಟ್ಟರೂ ಭಯವಿಲ್ಲವೆಂದು ಹಿಂದಿನವರು ಕೊಡುತ್ತಿದ್ದರು. ಆದರೆ ಹಳೆಯ ಎಣ್ಣೆಬಣ್ಣಗಳಲ್ಲಿ ಸೀಸ ಬೆರೆತಿರುವ ಸಂಭವ ಉಂಟು. ಚಕ್ಕೆ ಏಳುತ್ತಿರುವ ಹಳೆಯ ಗೊಂಬೆಯನ್ನು ಎಳೆಯ ಮಕ್ಕಳ ಕೈಗೆ ಕೊಡತಕ್ಕದ್ದಲ್ಲ. ಕಿನ್ನಾಳದ ಗೊಂಬೆಯನ್ನು ಒದ್ದೆಬಟ್ಟೆಯಿಂದ ಒರೆಸಲೂ ಬಾರದು, ಹುಣಸೆಬೀಜದ ಅಂಟು ನೀರಿಗೆ ಸಡಿಲುತ್ತದೆ. ಅರಗಿನ ಗೊಂಬೆಯನ್ನು ಬಿಸಿಲಿಗೂ ಒಲೆಯ ಕಾವಿಗೂ ಒಡ್ಡಬಾರದು. ಇವನ್ನೆಲ್ಲ ನಾವು ಕಲಿತದ್ದು ಕೆಲವನ್ನು ಕೆಡಿಸಿಕೊಂಡ ಮೇಲೆಯೇ.

ಕೆಲಸದ ನಡುವೆ ಒಮ್ಮೆ ಹುಡುಗಿ ಕೆಲವು ಚಿತ್ರಪುಟಗಳ ಪ್ರತಿಗಳನ್ನು ತಂದು ತೋರಿಸಿದಳು. ಜಪಾನಿನ ಪುಸ್ತಕದವು. ಹೆಸರು ‘ಉನಾಯ್ ನೊ ತೊಮೊ’, ಎಂದರೆ ಮಕ್ಕಳ ಗೆಳೆಯರು. ಟೋಕಿಯೋದ ಶಿಮಿಜು ಸೇಯಿಫು ಎಂಬಾತ ಆಟಿಕೆಗಳನ್ನು ಕೂಡಿಹಾಕುವುದನ್ನೇ ವ್ರತವಾಗಿಸಿಕೊಂಡವನು. ಅವನು ಹುಟ್ಟಿದ್ದು 1851ರಲ್ಲಿ, ಸರಕು ಸಾಗಿಸುವ ವ್ಯವಹಾರದ ಮನೆತನದಲ್ಲಿ. ಆ ದೇಶವು ಪಶ್ಚಿಮದ ಸರಕಿಗೆ ಬಾಗಿಲು ತೆರೆದು, ಹಳೆಯ ಮರದ ಕುದುರೆ, ಮಣ್ಣಿನ ಗೊಂಬೆ, ಕಾಗದದ ಹುಲಿಗಳು ಹಿಂದೆ ಸರಿಯುತ್ತಿದ್ದ ಕಾಲವದು. ಶಿಮಿಜು ಆಯಾ ಸೀಮೆಯ ಆಟಿಕೆಗಳನ್ನು ಸಂಗ್ರಹಿಸಿ, ತಾನೇ ಚಿತ್ರ ಬರೆದು, ಬಣ್ಣದ ಮರದಚ್ಚುಗಳಲ್ಲಿ ಮುದ್ರಿಸಿ 1891ರಲ್ಲಿ ಮೊದಲ ಸಂಪುಟವನ್ನು ಹೊರತಂದನು. ಆರು ಸಂಪುಟಗಳಾದ ಮೇಲೆ 1913ರಲ್ಲಿ ತೀರಿಕೊಂಡನು. ಉಳಿದ ನಾಲ್ಕನ್ನು ನಿಶಿಜಾವಾ ತೆಕಿಹೊ ಎಂಬ ಕಿರಿಯ ಚಿತ್ರಕಾರನು 1920ರ ದಶಕದ ಹೊತ್ತಿಗೆ ಮುಗಿಸಿದನು.

ಜಪಾನಿನ ಮರದಚ್ಚಿನ ಪದ್ಧತಿಯಲ್ಲಿ ಬರೆಯುವವನು ಬೇರೆ, ಕೆತ್ತುವವನು ಬೇರೆ, ಒತ್ತುವವನು ಬೇರೆ. ಒಂದೊಂದು ಬಣ್ಣಕ್ಕೆ ಒಂದೊಂದು ಹಲಗೆ. ಕಾಗದವು ಎಳೆಯಷ್ಟೂ ಸರಿಯದಂತೆ ಹಲಗೆಯ ಮೂಲೆಯಲ್ಲಿ ಗುರುತಿನ ಕಚ್ಚು. ನಾವು ನೋಡಿದ ಪುಟದಲ್ಲಿ ಚರಕಿಯಲ್ಲಿ ತಿರುಗಿಸಿದ ಗೊಂಬೆಯೊಂದಿತ್ತು, ಕೈಕಾಲಿಲ್ಲದ ದುಂಡುಮೈಗೆ ದುಂಡುತಲೆ. ಕೊಕೆಶಿ ಎನ್ನುತ್ತಾರಂತೆ. ಕಾಕಾ ತಂದ ಗಿಲಕಿಯ ಸೋದರಿಯೆಂದೇ ಅವ್ವ ತೀರ್ಮಾನಿಸಿದಳು. ಅವಳ ಮಾತು ತೀರ ತಪ್ಪೂ ಅಲ್ಲ. ಚನ್ನಪಟ್ಟಣದಲ್ಲಿ ಈ ಕಸುಬಿನ ಪಿತಾಮಹರೆಂದು ನೆನೆಯುವ ಬಾವಾಸ್ ಮಿಯಾನ್ ಅವರು ಜಪಾನಿನ ವಿಧಾನವನ್ನು ಇಲ್ಲಿಯ ಕುಶಲಕರ್ಮಿಗಳಿಗೆ ರೂಢಿಸಿದವರೆಂದು ಹೇಳುತ್ತಾರೆ.

ಅವಳು ಹೇಳಿದ ಇನ್ನೊಂದು ಸಂಗತಿ ನಮ್ಮನ್ನು ಹೆಚ್ಚು ತಟ್ಟಿತು. 1923ರಲ್ಲಿ ಟೋಕಿಯೋ ನಗರವನ್ನು ಭೂಕಂಪವೂ ಅದರ ಬೆನ್ನಿಗೆ ಎದ್ದ ಬೆಂಕಿಯೂ ನುಂಗಿದವು. ಶಿಮಿಜುವಿನ ಕಾಲದವನೇ ಆದ ಅವಾಶಿಮಾ ಕಂಗೇತ್ಸು ಎಂಬ ಸಂಗ್ರಾಹಕನು ಬಾಳಿನುದ್ದಕ್ಕೂ ಕೂಡಿಸಿದ ಆಟಿಕೆಗಳು ಆ ಬೆಂಕಿಯಲ್ಲಿ ಬೂದಿಯಾದವು. ಮರದ ಗೊಂಬೆ ಒಂದೇ ಮನೆಯಲ್ಲಿರುತ್ತದೆ; ಆ ಮನೆ ಹೋದರೆ ಗೊಂಬೆಯೂ ಹೋಗುತ್ತದೆ. ಅಚ್ಚಿನ ಪುಸ್ತಕವೋ ನೂರು ಕಡೆ ಇರುತ್ತದೆ. ಹಾಗೆಂದು ಚಿತ್ರವೇ ಗೊಂಬೆಯಲ್ಲ. ಕಾಗದದ ಬುಗುರಿಯನ್ನು ಆಡಿಸಲಾದೀತೇ? ಈ ಮಾತನ್ನು ಹಿರಿಯಣ್ಣ ಆಗ ಕೇಳಿದ್ದನು, ಈಗಲೂ ಕೇಳುತ್ತಾನೆ.

ನಮ್ಮ ದೇಶದಲ್ಲಿಯೂ ಮಕ್ಕಳ ಲೋಕಕ್ಕೆ ಅಚ್ಚಿನ ಚಿತ್ರ ಹೊಸತಲ್ಲ. ರವೀಂದ್ರನಾಥ ಠಾಕೂರರ ಬಂಗಾಳಿ ಬಾಲಪಾಠ ‘ಸಹಜ್ ಪಾಠ್’ 1930ರಲ್ಲಿ ಹೊರಬಂದಾಗ ಅದಕ್ಕೆ ಲಿನೋಲಿಯಂ ಹಾಳೆಯಲ್ಲಿ ಕೆತ್ತಿದ ಚಿತ್ರಗಳನ್ನು ಕೊಟ್ಟವರು ನಂದಲಾಲ್ ಬೋಸ್. ಕಪ್ಪು ಬಿಳುಪು ಎರಡೇ. ಆದರೂ ಅಕ್ಷರ ಬಾರದ ಮಗುವೂ ಅವನ್ನು ಓದಬಲ್ಲದು. ಹುಡುಗಿಯೂ ಬಣ್ಣದ ಆಸೆಯನ್ನು ಬಿಟ್ಟು ಕಪ್ಪೊಂದನ್ನೇ ಹಿಡಿದಳು. ಗಿಳಿಗಳಿಗೆ ಮಾತ್ರ ಎರಡನೆಯ ಹಲಗೆ ಕೆತ್ತಿ ಹಸಿರು ಒತ್ತಿದಳು. ಹಸಿರಿಲ್ಲದ ಗಿಳಿ ಕಾಗೆಯಂತೆ ಕಾಣುತ್ತದೆಂದು ಅವ್ವನ ತಕರಾರು.

ಒಂದು ವರ್ಷವೆಂದವಳು ಎರಡು ವರ್ಷಕ್ಕೂ ಮಿಕ್ಕಿ ತೆಗೆದುಕೊಂಡಳು. ಮೂವತ್ತೇಳು ಗೊಂಬೆಗಳು ಹದಿನಾರು ಚಿತ್ರಗಳಲ್ಲಿ ಅಡಕವಾದವು. ಒಂದೊಂದರಲ್ಲಿ ಎಂಟು ಪ್ರತಿಗಳನ್ನು ತೆಗೆದು, ಕೆಳಗೆ ಪೆನ್ಸಿಲಿನಿಂದ ಎಂಟರಲ್ಲಿ ಎಷ್ಟನೆಯದೆಂದು ಬರೆದಳು. 2013ರ ಗೌರಿ ಹುಣ್ಣಿಮೆಗೆ ನಾಲ್ಕೂ ಮನೆಯವರು ಹಳ್ಳಿಯಲ್ಲಿ ಕೂಡಿದೆವು. ಪಾಲಿನ ದಿನದ ಬಳಿಕ ಎಲ್ಲರೂ ಒಟ್ಟಿಗೆ ಉಂಡುದು ಅಂದೇ. ಸಕ್ಕರೆ ಆರತಿಯಾದ ಮೇಲೆ ಅವಳು ಪಡಸಾಲೆಯ ಹಗ್ಗಕ್ಕೆ ಹದಿನಾರೂ ಚಿತ್ರಗಳನ್ನು ಬಟ್ಟೆ ಒಣಹಾಕುವ ಹಾಗೆ ಕ್ಲಿಪ್ಪಿನಿಂದ ಸಿಕ್ಕಿಸಿದಳು, ಕೆಳಗೆ ಜಮಖಾನೆಯ ಮೇಲೆ ಆಯಾ ಗೊಂಬೆಗಳನ್ನಿಟ್ಟಳು. ಊರಿನ ಜನ ಬಂದು ನೋಡಿದರು. ನೆರೆಮನೆಯ ಮುದುಕಿಯೊಬ್ಬಳು ಗೌರಿಯ ಚಿತ್ರದ ಮುಂದೆ ನಿಂತು, ಇದರ ಮೂಗು ತಾನೇ ಚಿಕ್ಕಂದಿನಲ್ಲಿ ಕಚ್ಚಿದ್ದೆಂದು ಎಲ್ಲರೆದುರು ಒಪ್ಪಿಕೊಂಡಳು. ನಾವು ನಮ್ಮ ಮಕ್ಕಳನ್ನು ಸುಮ್ಮನೆ ದೂರಿಕೊಂಡು ಬಂದಿದ್ದೆವು.

ನಾಲ್ಕು ಮನೆಗಳಿಗೆ ನಾಲ್ಕು ಕಟ್ಟು ಚಿತ್ರಗಳು ಸಂದವು. ಗೊಂಬೆಗಳ ಮಾತು ಬಂದಾಗ ಅವ್ವನೇ ತೀರ್ಪು ಕೊಟ್ಟಳು: ಪೆಟ್ಟಿಗೆ ಒಡೆಯಕೂಡದು, ಯಾವ ಮನೆಯಲ್ಲಿ ಆಡುವ ವಯಸ್ಸಿನ ಕೂಸಿದೆಯೋ ಆ ಮನೆಯಲ್ಲಿರಲಿ, ಕೂಸು ದೊಡ್ಡದಾದ ಮೇಲೆ ಮುಂದಿನ ಮನೆಗೆ ಹೋಗಲಿ. ಕಾಗದಪತ್ರವೇನೂ ಆಗಲಿಲ್ಲ. ಹಿರಿಯಣ್ಣ ಮಾತ್ರ ತುಟಿ ಬಿಗಿಹಿಡಿದು ಕುಳಿತಿದ್ದನು. ಅವನ ಕಷ್ಟವೂ ಸುಳ್ಳಲ್ಲ. ಆ ವರ್ಷ ಅವನಿಗೆ ಹಣದ ಅಡಚಣೆ ಬಹಳವಿತ್ತು, ನಾವು ಮೂವರು ಅದನ್ನು ಮುಂಚೆಯೇ ಅರಿತು ಕೇಳಬೇಕಿತ್ತು. ಆ ರಾತ್ರಿ ಗೊಂಬೆಗಳ ಮಾತನ್ನು ಬದಿಗಿಟ್ಟು ಆ ಮಾತನ್ನು ಆಡಿದೆವು. ಈಗ ಅವನ ಪಡಸಾಲೆಯಲ್ಲಿ ಬಂಡಿಯ ಚಿತ್ರಕ್ಕೆ ಕಟ್ಟು ಹಾಕಿಸಿ ತೂಗುಹಾಕಿದ್ದಾನೆ. ಬಂದವರಿಗೆ ವ್ಯಾಪಾರಿ ಹೇಳಿದ್ದ ಬೆಲೆಯನ್ನು ತಪ್ಪದೆ ಹೇಳುತ್ತಾನೆ. ಬೆಲೆ ವರ್ಷದಿಂದ ವರ್ಷಕ್ಕೆ ಏರುತ್ತಿದೆ.

ಅವ್ವ 2016ರಲ್ಲಿ ಲಿಂಗೈಕ್ಯಳಾದಳು. ಅವಳ ಹಾಸಿಗೆಯ ಕೆಳಗಿದ್ದ ಎಡಚ ಒಕ್ಕಲಿಗನ ಚಿತ್ರವನ್ನು ಹುಡುಗಿ ಕೇಳಿ ತೆಗೆದುಕೊಂಡಳು. ಪೆಟ್ಟಿಗೆ ಇದುವರೆಗೆ ಮೂರು ಮನೆಗಳನ್ನು ಸುತ್ತಿದೆ. ಬಣ್ಣ ಏಳುತ್ತಿರುವವನ್ನು ಮೇಲಿನ ಕಪಾಟಿನಲ್ಲಿಟ್ಟು, ಗಟ್ಟಿಮುಟ್ಟಾದ ಬುಗುರಿ, ಬಂಡಿಗಳನ್ನು ಮಕ್ಕಳಿಗೆ ಬಿಟ್ಟುಕೊಡುವುದು ರೂಢಿಯಾಗಿದೆ. ವರ್ಷಕ್ಕೊಮ್ಮೆ ಹಳೆಯ ಬೇವಿನೆಲೆ ತೆಗೆದು ಹೊಸದನ್ನು ಹಾಸುತ್ತೇವೆ.

ಸದ್ಯಕ್ಕೆ ಅದು ಹುಬ್ಬಳ್ಳಿಯ ತಮ್ಮನ ಮನೆಯಲ್ಲಿದೆ. ಕಳೆದ ತಿಂಗಳು ಅಲ್ಲಿಂದ ದೂರವಾಣಿ ಬಂದಿತು: ಮೂರು ವರ್ಷದ ಮೊಮ್ಮಗ ಬಂಡಿಯ ಒಂದು ಗಾಲಿಯನ್ನು ಕಿತ್ತು ಎಲ್ಲಿಯೋ ಬಚ್ಚಿಟ್ಟಿದ್ದಾನೆ, ಕೇಳಿದರೆ ಹೇಳುವುದಿಲ್ಲ. ಬಡಿಗರಿಗೆ ಹೇಳಿ ಹೊಸ ಗಾಲಿ ಮಾಡಿಸೋಣವೆಂದೆವು. ಈಗ ತಾನೇ ಮಕ್ಕಳಿಗೆ ಚಿತ್ರಕಲೆ ಕಲಿಸುವ ನಮ್ಮ ಹುಡುಗಿ, ಸ್ವಲ್ಪ ದಿನ ತಡೆಯಿರಿ ಎಂದು ಹೇಳಿ ಉಳಿಗಳ ಚೀಲವನ್ನು ಹೆಗಲಿಗೇರಿಸಿಕೊಂಡು ಹುಬ್ಬಳ್ಳಿಗೆ ಹೋದಳು. ಹದಿನೇಳನೆಯ ಹಲಗೆ ಅರ್ಧ ಆಗಿದೆಯಂತೆ. ಅದರಲ್ಲಿ ಬಂಡಿಗೆ ಒಂದೇ ಗಾಲಿ.